ಗುರುವಾರದ ಪದರ

ಪುಣೆಯಲ್ಲಿ ನಾನು ಕೆಲಸ ಮಾಡುವ ಜಾಗದ ಹೆಸರು ಪಾಷಾಣ.
ಇಲ್ಲಿಯವರಿಗೆ ಅದು ಬರೀ ಕಲ್ಲು.
ಅಕ್ಕಲಕೋಟೆಯ ನಮ್ಮವ್ವನಿಗೆ ಇಲಿಗೆ ಹಾಕುವ ಮದ್ದು.
‘ದಿನಾ ಪಾಷಾಣಕ್ಕ ಹೊಂಟೀ, ಬುತ್ತಿ ಮುಚ್ಚಿಡವ್ವಾ’ ಅನ್ನುತ್ತಾಳೆ ಫೋನಿನಲ್ಲಿ.

ಪೂರಾ ಸುಳ್ಳೂ ಅಲ್ಲ.
ಬಟ್ಟಿಯಿಳಿಸಿದ ಅನಿಲೀನು ಮೊದಲ ದಿನ ನೀರಿನಷ್ಟು ತಿಳಿ,
ಗಾಳಿ ಸೋಕಿ ಸೋಕಿ ವಾರದೊಳಗೆ ಚಹದ ಬಣ್ಣ.
ಮೂಗಿಗೆ ಹಳಸಿದ ಮೀನು.
ಚರ್ಮಕ್ಕೆ ತಾಗಿದರೆ ಒಳಗಿಳಿಯುತ್ತದೆ, ಹೇಳದೆ ಕೇಳದೆ.

ಅದರ ಹೆಸರಿನ ಬೇರು ಹಿಡಿದು ಹೋದರೆ ನೀಲಿ ಸಿಗುತ್ತದೆ.
ನೀಲಿ ಸಿಕ್ಕರೆ ಅಪ್ಪ:
ಸೊಲ್ಲಾಪುರದ ಚಾದರಿನ ಗಿರಣಿಯಲ್ಲಿ ನೂಲು ಅದ್ದುತ್ತಿದ್ದವನು,
ಊಟಕ್ಕೆ ಕೂತಾಗ ರೊಟ್ಟಿ ಮುರಿಯುವ ಬೆರಳುಗಳಷ್ಟೇ ಬೇರೆ ಜಾತಿ.
‘ಮೊದಲನೇ ಅದ್ದಿಗೆ ನೂಲು ಬಣ್ಣಾನ ನಂಬೂದಿಲ್ಲ.
ಎರಡನೇದು ಮೊದಲನೇದರ ಮಾರಿ ನೋಡಿ ಕೂಡತೈತಿ.’

ಗಾಜಿನ ಕೋಶ, ಒಳಗೆ ಆಮ್ಲ, ಮೇಲೆ ಮೂರು ತಂತಿ.
ಪ್ಲಾಟಿನಮ್ಮಿನದು ದುಡಿಯುತ್ತದೆ, ಸದ್ದಿಲ್ಲ.
ಬೆಳ್ಳಿಯದು ದುಡಿಯುವುದಿಲ್ಲ,
ಮದುವೆಮನೆಯ ಸೋದರಮಾವನ ಹಾಗೆ ಮೂಲೆಯಲ್ಲಿ ಕೂತು
ಉಳಿದವರ ಎತ್ತರ ಅಳೆಯುತ್ತದೆ.
ಮೂರನೆಯದಕ್ಕೆ ಕಚ್ಚಿಸಿದ್ದು ಬೆರಳಗಲದ ಗಾಜಿನ ಬಿಲ್ಲೆ.
ಒಂದೇ ಮೈಗೆ ಲೇಪ, ಯಾವ ಮೈಯೆಂದು ಕಣ್ಣಿಗೆ ಕಾಣದು.
ಮೀಟರಿನ ಸೂಜಿ ತಾಗಿಸಿ ಕೇಳಬೇಕು.

ವೋಲ್ಟು ಏರುತ್ತದೆ, ಇಳಿಯುತ್ತದೆ,
ಸೆಕೆಂಡಿಗೆ ಐವತ್ತು ಮಿಲಿ, ಬಾವಿಯ ಮೆಟ್ಟಿಲಿನ ಹೆಂಗಸಿನಂತೆ.
ಮೊದಲ ಸುತ್ತು ಏನೂ ಇಲ್ಲ.
ನಾಲ್ಕನೆಯದು ಏನೂ ಇಲ್ಲ, ನನ್ನ ಆಸೆ ಬಿಟ್ಟರೆ.
ಹತ್ತರಲ್ಲಿ, ಬೆಳಕಿಗೆ ಹಿಡಿದರೆ,
ಹೆಸರುಕಾಳು ನೆನೆಸಿದ ನೀರಿನಷ್ಟು ಹಸಿರು.
ಆಮೇಲೆ ಅದಕ್ಕೆ ಅವಸರ;
ತನ್ನ ಮೇಲೆ ತಾನೇ ಕೂಡುವುದು ಸಲೀಸು.
ಕೆಳಗಿಳಿಸಿದರೆ ಬಿಲ್ಲೆ ಪೇಲವ ಹಳದಿ, ಮೇಲೇರಿಸಿದರೆ ನೀಲಿ,
ಎರಡೂ ತುದಿ ಮೂಕ.
ವಿದ್ಯುತ್ತು ಹರಿಯುವುದು ನಡುವಿನ ಹಸಿರಿನಲ್ಲಿ ಮಾತ್ರ.
ಇನ್ನೂ ಏರಿಸಿದೆಯೋ, ಸುಟ್ಟು ಕಂದುತ್ತದೆ, ಮತ್ತೆ ತಿರುಗದು.
ಮೊದಲ ವರ್ಷ ನಾನು ಹಾಗೆ ಕೆಡಿಸಿದ ಒಂದನ್ನು
ಗಾಡವೆ ಕಿಟಕಿಗೆ ಅಂಟಿಸಿಟ್ಟಿದ್ದಾನೆ, ದೃಷ್ಟಿಬೊಟ್ಟಿನ ಹಾಗೆ.

ಇವತ್ತು ಗುರುವಾರ, ರಿಪೇರಿಗೆ ಕರೆಂಟು ತೆಗೆಯುವ ದಿನ.
ಹತ್ತಕ್ಕೆಂದವರು ಒಂಬತ್ತೂ ನಲವತ್ತಕ್ಕೇ ತೆಗೆದರು.
ಇಪ್ಪತ್ತಮೂರನೆಯ ಸುತ್ತು, ಗೆರೆ ಏರಿನ ತುತ್ತತುದಿಯಲ್ಲಿ,
ಬಿಲ್ಲೆ ಅಚ್ಚನೀಲಿ.
‘ಲೈಟ್ ಗೇಲಿ’ ಅಂದ ಗಾಡವೆ ಮರಾಠಿಯಲ್ಲಿ.
ನನ್ನ ಕಿವಿಗೆ ಅದು ಕನ್ನಡದಲ್ಲೇ ಕೇಳಿಸಿತು.

ಮೂರು ವಾರದ ತಯಾರಿ. ಬ್ಯಾಟರಿ ಸತ್ತು ತಿಂಗಳಾಗಿದೆ,
ಅರ್ಜಿ ಲೆಕ್ಕಪತ್ರದವರ ಮೇಜಿನ ಮೇಲಿದೆ.
ಬೈಯಲು ಬಾಯಿ ತೆರೆದವಳು
ಫೋನಿನ ಟಾರ್ಚು ಹಚ್ಚಿ ಬಗ್ಗಿ ನೋಡಿದೆ.

ಬಿಲ್ಲೆಯ ಅಂಚು ಹಸಿರಾಗುತ್ತಿತ್ತು.
ಯಾರೂ ತಳ್ಳುತ್ತಿಲ್ಲ, ಎಳೆಯುತ್ತಿಲ್ಲ.
ಎಲೆಕ್ಟ್ರಾನಿಗೆ ಹಸಿದ ಆ ನೀಲಿ
ಪಕ್ಕದಲ್ಲಿ ತೇಲುವ ಅನಿಲೀನಿನಿಂದ ಕಿತ್ತುಕೊಂಡು,
ಕಳಕೊಂಡದ್ದನ್ನೂ ಬಿಡದೆ ತನ್ನ ಸರಪಳಿಗೇ ಸೇರಿಸಿಕೊಂಡು
ಕತ್ತಲಲ್ಲಿ ಬೆಳೆಯುತ್ತಿತ್ತು.
ಎಷ್ಟು ಹೊತ್ತು ನೋಡಿದೆನೋ.
ಗಾಡವೆ ಚಹಕ್ಕೆ ಹೋಗಿ ಬಂದು, ನನ್ನ ಲೋಟ ಆರಿ ಕೆನೆ ಕಟ್ಟಿತ್ತು.

ಎರಡೂವರೆಗೆ ಕರೆಂಟು ಬಂತು.
ಇಪ್ಪತ್ತನಾಲ್ಕನೆಯ ಸುತ್ತಿನ ಉಬ್ಬು
ಇರಬೇಕಾದದ್ದಕ್ಕಿಂತ ಒಂದು ಕೂದಲು ಎತ್ತರ.
ಮ್ಯಾಡಮ್ಮು ಅನ್ನುತ್ತಾರೆ, ಗೊತ್ತು: ‘ಈ ಬಿಂದು ಬಿಟ್ಟು ಗೆರೆ ಎಳೆ.’
ಎಳೆಯುತ್ತೇನೆ.
ಆದರೂ ವಹಿಯ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಸಮಯ ಬರೆದಿಟ್ಟೆ.

ಒಣಗಿದರೆ ಬಿರುಕು ಬಿಡುತ್ತದೆಂದು ಬಿಲ್ಲೆಯನ್ನು ಆಮ್ಲದಲ್ಲೇ ಮಲಗಿಸಿದೆ.
ಬುತ್ತಿ ಬಿಚ್ಚುವ ಮೊದಲು ಎರಡು ಸಲ ಕೈ ತೊಳೆದೆ.
ಹೆಬ್ಬೆರಳಿನ ಉಗುರುಸಂದಿಯಲ್ಲಿ
ಒಂದೆಳೆ ಹಸಿರು ಹೋಗಲಿಲ್ಲ.